ಹತ್ತರಲ್ಲಿ ಐದು: ಅರಿವಳಿಕೆ ವೈದ್ಯೆಯೊಬ್ಬಳು ರೋಗಿಯಾದ ಪ್ರಕರಣ

ರೋಗಿ 44 ವರ್ಷದ ಹೆಂಗಸು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ. ಸ್ಕೂಟರಿನಿಂದ ಬಿದ್ದು ಎಡಗಾಲು ಮೊಣಕಾಲಿನ ಕೆಳಗೆ ಮುರಿದಿದೆ. ಚರ್ಮ ಹರಿದಿಲ್ಲ.

ಕೇಸ್ ಶೀಟಿನ ಮೊದಲ ಪುಟದಲ್ಲಿ ಇಷ್ಟು ಬರೆದಿತ್ತು. ಆ ರೋಗಿ ನಾನೇ. ನೋವು ತೆಗೆಯುವುದು ನನ್ನ ಕೆಲಸ. ಆಪರೇಷನ್ ಆದವರ ಮಂಚದ ಪಕ್ಕ ನಿಂತು "ನೋವು ಹತ್ತರಲ್ಲಿ ಎಷ್ಟು?" ಎಂದು ದಿನಾ ಕೇಳುತ್ತೇನೆ. ಅದೇ ಪ್ರಶ್ನೆಯನ್ನು ನನಗೆ ಕೇಳಿದಾಗ ಸುಳ್ಳು ಹೇಳಿದೆ. ಆ ಸುಳ್ಳಿನಿಂದ ನನ್ನ ಕಾಲಿನ ಸ್ವಲ್ಪ ಮಾಂಸಖಂಡ ಹೋಯಿತು.

ನಮ್ಮ ಆಸ್ಪತ್ರೆಯ ಸಭೆಯಲ್ಲಿ ಈ ಪ್ರಕರಣವನ್ನು ಮಂಡಿಸಿದ್ದೇನೆ. ಆದರೆ ಕಾಲು ಮುರಿದು ಮಲಗುವವರು, ಅವರ ಪಕ್ಕ ರಾತ್ರಿಯಿಡೀ ಕೂರುವ ಮನೆಯವರು ಆ ಸಭೆಯಲ್ಲಿ ಇರಲಿಲ್ಲ. ಅವರಿಗಾಗಿ ಇನ್ನೊಮ್ಮೆ ಬರೆಯುತ್ತಿದ್ದೇನೆ.

ಬೆಳಗ್ಗೆ 5.40ರಿಂದ

ಜುಲೈ ತಿಂಗಳು. ರಾತ್ರಿ ಎರಡು ಸಿಸೇರಿಯನ್ ಮುಗಿಸಿ ಮನೆಗೆ ಹೊರಟಿದ್ದೆ. ಮಳೆ ನಿಂತಿತ್ತು. ಆದರೆ ಗುಡ್ಡದ ಕೆಂಪು ಮಣ್ಣು ನೀರಿನ ಜೊತೆ ರಸ್ತೆಗೆ ಇಳಿದಿತ್ತು. ಕದ್ರಿ ಪಾರ್ಕ್ ಹತ್ತಿರದ ಇಳಿಜಾರಿನಲ್ಲಿ ಬ್ರೇಕ್ ಹಿಡಿದೆ, ಸ್ಕೂಟರ್ ಜಾರಿತು. ಬದಿಯಲ್ಲಿ ನಿಲ್ಲಿಸಿದ್ದ ಟೆಂಪೋದ ಚಕ್ರಕ್ಕೂ ಸ್ಕೂಟರಿಗೂ ನಡುವೆ ಎಡಗಾಲು ಸಿಕ್ಕಿಕೊಂಡಿತು. ಮುರಿದ ಸದ್ದು ನನಗೆ ಕೇಳಿಸಿತು.

ಪೇಪರ್ ಹಾಕುವ ಹುಡುಗನೊಬ್ಬ ಸ್ಕೂಟರ್ ಎತ್ತಿದ. ರಿಕ್ಷಾದವರೊಬ್ಬರು ತಮ್ಮ ಉದ್ದನೆಯ ಕೊಡೆಯನ್ನು ಕಾಲಿಗೆ ಆನಿಸಿ, ಹೆಗಲ ಮೇಲಿದ್ದ ಬೈರಾಸನ್ನು (ಟವೆಲ್) ಹರಿದು ಎರಡು ಕಡೆ ಕಟ್ಟಿದರು. ಮೂಳೆ ಅಲುಗದಂತೆ ಹೇಗೆ ಕಟ್ಟಬೇಕೋ ಹಾಗೇ ಕಟ್ಟಿದ್ದರು. ಅವರ ಹೆಸರು ಕೇಳಲಿಲ್ಲ ಎಂಬುದು ನನಗೆ ಇವತ್ತಿಗೂ ನೋವಿನ ವಿಷಯ.

6.15ಕ್ಕೆ ನಾನು ಕೆಲಸ ಮಾಡುವ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿದ್ದೆ. ಎಕ್ಸ್‌ರೇಯಲ್ಲಿ ಕಣಕಾಲಿನ ಎರಡೂ ಮೂಳೆ ಮುರಿದಿದ್ದವು. ಪಾದದ ನಾಡಿ ಚೆನ್ನಾಗಿತ್ತು, ಬೆರಳು ಆಡುತ್ತಿತ್ತು. 7.30ಕ್ಕೆ ಸ್ಲ್ಯಾಬ್, ಅಂದರೆ ಅರ್ಧ ಪ್ಲಾಸ್ಟರ್ ಹಾಕಿ, ದಿಂಬುಗಳ ಮೇಲೆ ಕಾಲು ಎತ್ತಿಟ್ಟರು. ಮಾರನೇ ದಿನ ಬೆಳಗ್ಗೆ ಮೂಳೆಯೊಳಗೆ ರಾಡ್ ಹಾಕುವುದು ಎಂದು ತೀರ್ಮಾನ ಆಯಿತು. ಪೊಲೀಸರು ಬಂದು ಹೇಳಿಕೆ ಬರೆದುಕೊಂಡು ಹೋದರು. ಇಲ್ಲಿಯವರೆಗೆ ಎಲ್ಲವೂ ನಡೆಯಬೇಕಾದಂತೆ ನಡೆದಿತ್ತು.

ಮೊದಲ ತಪ್ಪು ಪ್ರೀತಿಯಿಂದ ಆಯಿತು. ಮೂಳೆ ಮುರಿದವರನ್ನು ಮಲಗಿಸುವ ವಾರ್ಡಿನಲ್ಲಿ ನರ್ಸ್‌ಗಳ ಮೇಜಿನ ಎದುರೇ ಮಂಚಗಳಿವೆ. ಹೋಗುವವರು, ಬರುವವರು ಎಲ್ಲರೂ ಕಾಲು ನೋಡುತ್ತಾರೆ. ನಾನು ಡಾಕ್ಟರ್ ಅಲ್ವಾ, ಅದಕ್ಕೆ ವೆರಾಂಡದ ಕೊನೆಯ ಸ್ಪೆಷಲ್ ರೂಮ್ ಕೊಟ್ಟರು. ಬಾಗಿಲು ಮುಚ್ಚಿದರು. "ಮೇಡಂ ರಾತ್ರಿಯಿಡೀ ನಿದ್ದೆ ಮಾಡಿಲ್ಲ, ಸುಮ್ನೆ ತೊಂದರೆ ಕೊಡಬೇಡಿ" ಎಂದು ಯಾರೋ ಹೊರಗೆ ಹೇಳಿದ್ದು ಕೇಳಿಸಿತು. ಆಗ ನನಗೂ ಅದು ಹಿತವೆನಿಸಿತ್ತು.

ಚಾರ್ಟಿನ ಮೂರು ಅಂಕಿ

ಡಿಸ್ಚಾರ್ಜ್ ಆಗುವಾಗ ನನ್ನ ಚಾರ್ಟಿನ ಪ್ರತಿ ಕೇಳಿ ತೆಗೆದುಕೊಂಡೆ. ಅದರಲ್ಲಿ ನೋವಿನ ಅಂಕಿ ಹೀಗಿದೆ: 10 ಗಂಟೆಗೆ 4. 12 ಗಂಟೆಗೆ 5. 2 ಗಂಟೆಗೆ 5.

ಈ ಮೂರು ಅಂಕಿಯನ್ನು ಕೇಳಿದವಳು 22 ವರ್ಷದ ಒಬ್ಬ ಹುಡುಗಿ. ನರ್ಸಿಂಗ್ ಮುಗಿಸಿ ಆಗಷ್ಟೇ ಸೇರಿದ್ದಳು. ಎರಡು ತಿಂಗಳ ಹಿಂದೆ ನೋವಿನ ಅಂಕಿ ಕೇಳುವುದು ಹೇಗೆ ಎಂದು ಅವಳ ಬ್ಯಾಚಿಗೆ ತರಗತಿ ತೆಗೆದುಕೊಂಡವಳು ನಾನೇ. ಪಾಪ, ಅವಳು ಬಾಗಿಲ ಹತ್ತಿರವೇ ನಿಂತು "ಮೇಡಂ, ಪೇನ್ ಸ್ಕೋರ್?" ಎಂದಳು. ನಾನು "ಫೋರ್" ಎಂದೆ. ಅವಳು ಬರೆದುಕೊಂಡು ಹೋದಳು.

10 ಗಂಟೆಗೆ ಅದು ನಿಜವಾಗಿಯೂ ನಾಲ್ಕೋ ಐದೋ ಇತ್ತು. 12ಕ್ಕೆ ಏಳು ದಾಟಿತ್ತು. 2 ಗಂಟೆಗೆ ಕಾಲು ಒಳಗಿನಿಂದ ಸಿಡಿಯುತ್ತಿದೆ ಅನಿಸುತ್ತಿತ್ತು. ಅಷ್ಟರಲ್ಲಿ ಪ್ಯಾರಾಸಿಟಮಾಲ್ ಡ್ರಿಪ್ ಹೋಗಿತ್ತು, ಟ್ರಮಡಾಲ್ ಎರಡು ಸಲ ಕೊಟ್ಟಾಗಿತ್ತು. ಎರಡನೇ ಇಂಜೆಕ್ಷನ್ನಿನಿಂದ ವಾಂತಿ ಬರುವ ಹಾಗಾಯಿತೇ ಹೊರತು ನೋವು ಒಂದು ಚೂರೂ ಇಳಿಯಲಿಲ್ಲ. ಆದರೂ "ಫೈವ್" ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಮಲಗಿದ್ದ ಅಷ್ಟೂ ದಿನ ಯೋಚಿಸಿದ್ದೇನೆ. ಆರ್ಥೋ ಡಾಕ್ಟರ್ ಆ ಹೊತ್ತಿಗೆ ಇನ್ನೊಬ್ಬರ ಸೊಂಟದ ಆಪರೇಷನ್ ಮಾಡುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಎಂಟು ಎಂದರೆ ಅವರಿಗೆ ಫೋನ್ ಹೋಗುತ್ತದೆ ಎಂದೂ ಗೊತ್ತಿತ್ತು. ಮೂಳೆ ಮುರಿದರೆ ನೋವು ಇದ್ದೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಇವೆಲ್ಲ ನಿಜ. ಇವಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು, ಅದನ್ನು ಒಪ್ಪಿಕೊಳ್ಳಲು ತುಂಬ ದಿನ ಬೇಕಾಯಿತು. ಬಾಗಿಲ ಬಳಿ ನಿಂತ ಆ ಹುಡುಗಿ ನನ್ನ ವಿದ್ಯಾರ್ಥಿನಿ. ಅವಳ ಮುಂದೆ ಅಳುವುದು ನನಗೆ ಆಗಲಿಲ್ಲ.

ಅವಳ ಕಡೆಯಿಂದಲೂ ನೋಡಬೇಕು. ಸ್ಲ್ಯಾಬ್ ಹಾಕಿದ ಕಾಲನ್ನು ಗಂಟೆಗೊಮ್ಮೆ ಮುಟ್ಟಿ ನೋಡಬೇಕು, ಬೆರಳುಗಳನ್ನು ಹಿಡಿದು ಚಾಚಿ ನೋಡಬೇಕು. ಬೇರೆ ರೋಗಿಗಾದರೆ ಮಾಡುತ್ತಿದ್ದಳು. ತನಗೆ ಪಾಠ ಹೇಳಿದ ಡಾಕ್ಟರ ಕಾಲು ಮುಟ್ಟಿ ಪರೀಕ್ಷೆ ಮಾಡಲು ಅವಳಿಗೆ ಸಂಕೋಚ. "ನಿಮಗೆ ಗೊತ್ತಿರುತ್ತಲ್ವಾ ಮೇಡಂ, ಏನಾದರೂ ಇದ್ದರೆ ಹೇಳ್ತೀರಿ ಅಂದ್ಕೊಂಡೆ" ಎಂದು ಆಮೇಲೆ ಅಳುತ್ತಾ ಹೇಳಿದಳು. ಬೆಳಗ್ಗಿನಿಂದ ಆ ಕೋಣೆಗೆ ಬಂದ ಎಲ್ಲರೂ ಹೀಗೇ ಅಂದುಕೊಂಡಿದ್ದರು. ಏನೇನು ಲಕ್ಷಣ ಕಂಡರೆ ಕರೆಯಬೇಕು ಎಂದು ಪ್ರತಿಯೊಬ್ಬ ರೋಗಿಗೂ ಹೇಳುತ್ತೇವೆ. ನನಗೆ ಯಾರೂ ಹೇಳಲಿಲ್ಲ. ಡಾಕ್ಟರಿಗೆ ಯಾರು ಹೇಳುತ್ತಾರೆ?

ಗಣ್ಯರು ಎಂದುಕೊಂಡವರಿಗೆ ಕೊಡುವ ಚಿಕಿತ್ಸೆ ಹೀಗೆ ದಾರಿ ತಪ್ಪುವುದಕ್ಕೆ ವೈದ್ಯರ ನಡುವೆ ಒಂದು ಹೆಸರೇ ಇದೆ, ವಿಐಪಿ ಸಿಂಡ್ರೋಮ್. ಅಮೆರಿಕದ ಮನೋವೈದ್ಯ ವಾಲ್ಟರ್ ವೈನ್‌ಟ್ರಾಬ್ 1964ರಲ್ಲಿ ಇದರ ಬಗ್ಗೆ ಬರೆದರು. ದೊಡ್ಡವರು ಎಂಬ ಗೌರವಕ್ಕೆ ದಿನನಿತ್ಯದ ಕ್ರಮ ಬಿಟ್ಟುಬಿಡುತ್ತೇವೆ, ಅದರ ಪೆಟ್ಟು ಅವರಿಗೇ ಬೀಳುತ್ತದೆ. ನಾನು ದೊಡ್ಡವಳೇನಲ್ಲ. ಆದರೆ ಆ ಕಟ್ಟಡದೊಳಗೆ, ಆ ದಿನ, ನನಗೆ ಆದದ್ದು ಅದೇ.

ಆ ದಿನ ಒಂದು ತೀರ್ಮಾನ ಮಾತ್ರ ಸರಿಯಾಯಿತು. 11 ಗಂಟೆಗೆ ನಮ್ಮ ವಿಭಾಗದ ಸ್ನೇಹಿತರೊಬ್ಬರು ಬಂದು "ನರಕ್ಕೆ ಬ್ಲಾಕ್ ಕೊಡಲಾ? ನೋವು ಪೂರ್ತಿ ಹೋಗುತ್ತೆ" ಎಂದರು. ಬೇಡ ಎಂದೆ. ಕೊಟ್ಟಿದ್ದರೆ ಕಾಲು ಮರಗಟ್ಟಿ, ನೋವು ಎಂಬ ಕರೆಗಂಟೆಯೂ ನಿಂತುಹೋಗುತ್ತಿತ್ತು.

3.20

ಮಧ್ಯಾಹ್ನ ಗಂಜಿ, ಉಪ್ಪಿನಕಾಯಿ ಬಂದಿತ್ತು. ಮುಟ್ಟಿರಲಿಲ್ಲ. ತಟ್ಟೆ ತೆಗೆದುಕೊಂಡು ಹೋಗಲು ಆಯಾ ಬಂದರು. ನಮ್ಮಲ್ಲಿ ಬಹಳ ವರ್ಷದಿಂದ ಇರುವವರು. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತೇವೆ.

ಅವರು ತಟ್ಟೆ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ನನ್ನ ಬಲಗೈ ನೋಡಿದರು. ಮಂಚದ ಕಂಬಿಯನ್ನು ಹಿಡಿದು ಹಿಡಿದು ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು. ಅದು ನನಗೇ ಗೊತ್ತಿರಲಿಲ್ಲ. ದಿಂಬು ಸರಿ ಮಾಡಲು ಹೋಗಿ ಅವರ ಕೈ ನನ್ನ ಎಡಗಾಲಿನ ಹೆಬ್ಬೆರಳಿಗೆ ತಾಗಿತು. ಬೆರಳು ಒಂದಿಷ್ಟು ಕೆಳಕ್ಕೆ ಬಾಗಿತು, ಅಷ್ಟೇ. ನಾನು ಕಿರುಚಿದೆ.

ಅಕ್ಕ ತಟ್ಟೆ ಕೆಳಗಿಟ್ಟರು. ಮಂಚದ ಅಂಚಿನಲ್ಲಿ ಕೂತು ತುಳುವಿನಲ್ಲಿ ಕೇಳಿದರು. "ಮಸ್ತ್ ಬೇನೆ ಉಂಡಾ?" ತುಂಬ ನೋವಿದೆಯಾ?

ನಮ್ಮ ಮನೆಮಾತು ತುಳು. ಬೆಳಗ್ಗಿನಿಂದ ನನ್ನ ನೋವಿನ ಬಗ್ಗೆ ನಾನು ಆಡಿದ ಮಾತೆಲ್ಲ ಇಂಗ್ಲಿಷಿನಲ್ಲಿತ್ತು, ಎಲ್ಲವೂ ಅಂಕಿಯಲ್ಲಿತ್ತು. ತುಳುವಿನಲ್ಲಿ ಕೇಳಿದಾಗ ಅಂಕಿ ಬಾಯಿಗೆ ಬರಲಿಲ್ಲ. "ಉಂಡು" ಎಂದೆ. "ಮಸ್ತ್ ಉಂಡು ಅಕ್ಕ." ಆಮೇಲೆ ಅಳು ತಡೆಯಲು ಆಗಲಿಲ್ಲ.

ಅವರು ಹೊರಗೆ ಓಡಿದರು. ಎರಡು ನಿಮಿಷದಲ್ಲಿ ಹಿರಿಯ ಸಿಸ್ಟರ್ ಬಂದರು. ಬಾಗಿಲಲ್ಲಿ ನಿಲ್ಲಲಿಲ್ಲ, ಸೀದಾ ಕಾಲಿನ ಹತ್ತಿರ ಹೋದರು. ಬೆರಳುಗಳನ್ನು ಚಾಚಿದರು, ನಾನು ಮತ್ತೆ ಕೂಗಿದೆ. ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವಿನ ಸಂದಿಯನ್ನು ಹತ್ತಿಯಿಂದ ಮುಟ್ಟಿ "ಗೊತ್ತಾಗ್ತದಾ ಮೇಡಂ?" ಎಂದರು. ಗೊತ್ತಾಗುತ್ತಿರಲಿಲ್ಲ.

ಆ ಕ್ಷಣಕ್ಕೆ ನನಗೆ ಕಾಯಿಲೆಯ ಹೆಸರು ತಿಳಿಯಿತು. ಕಂಪಾರ್ಟ್‌ಮೆಂಟ್ ಸಿಂಡ್ರೋಮ್.

ಮುಡಿ ಕಟ್ಟಿದ ಕಾಲು

ನಮ್ಮ ಕಡೆಯ ಅಕ್ಕಿ ಮುಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಣಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟಿದ ಮೇಲೆ ಮುಡಿಯೊಳಗೆ ಒಂದು ಹಿಡಿ ಅಕ್ಕಿ ತುರುಕಲೂ ಜಾಗ ಇರುವುದಿಲ್ಲ. ಮೊಣಕಾಲಿನ ಕೆಳಗೆ ಅಂಥ ನಾಲ್ಕು ಮುಡಿಗಳಿವೆ. ಮಾಂಸಖಂಡ, ನರ, ರಕ್ತನಾಳ ಎಲ್ಲವನ್ನೂ ಒಂದು ಗಟ್ಟಿ ಪೊರೆ ಸುತ್ತಿರುತ್ತದೆ. ಆ ಪೊರೆ ಹಿಗ್ಗುವುದಿಲ್ಲ. ಜಜ್ಜಿದ ಮಾಂಸಖಂಡ ಊದಿಕೊಂಡಾಗ ಒಳಗೆ ಒತ್ತಡ ಏರುತ್ತದೆ. ಮೊದಲು ಸಣ್ಣ ರಕ್ತನಾಳಗಳು ಅಮುಕಿ ಹೋಗುತ್ತವೆ. ರಕ್ತ ಹೊರಗೆ ಹೋಗುವುದು ಕಷ್ಟವಾಗಿ ಊತ ಇನ್ನೂ ಜಾಸ್ತಿಯಾಗುತ್ತದೆ. ಮಾಂಸಖಂಡ ಉಸಿರುಗಟ್ಟಿ ಸಾಯಲು ಶುರುವಾಗುತ್ತದೆ.

ಎಲ್ಲರನ್ನೂ ಏಮಾರಿಸುವ ಸಂಗತಿ ನಾಡಿ. ದೊಡ್ಡ ರಕ್ತನಾಳದ ಒತ್ತಡ ಜಾಸ್ತಿ ಇರುವುದರಿಂದ ಅದು ಕೊನೆಯವರೆಗೂ ಬಡಿಯುತ್ತಿರುತ್ತದೆ. ನನ್ನ ಪಾದದ ನಾಡಿ ಇಡೀ ದಿನ ಚೆನ್ನಾಗಿತ್ತು, ಬೆರಳುಗಳು ಬೆಚ್ಚಗಿದ್ದವು. ಚಾರ್ಟಿನಲ್ಲಿ ಅದನ್ನೂ ಬರೆದಿದ್ದಾರೆ. ಈ ಕಾಯಿಲೆಯನ್ನು ಬೇಗ ಹಿಡಿದುಕೊಡುವುದು ನೋವು. ಆದ ಪೆಟ್ಟನ್ನು ಮೀರಿದ ನೋವು, ಇಂಜೆಕ್ಷನ್ ಕೊಟ್ಟರೂ ಏರುತ್ತಲೇ ಹೋಗುವ ನೋವು, ಬೇರೆಯವರು ಬೆರಳು ಚಾಚಿದಾಗ ಜೀವ ಹೋಗುವಂಥ ನೋವು. ರೋಗಿ ಅದನ್ನು ಬಾಯಿಬಿಟ್ಟು ಹೇಳದಿದ್ದರೆ ಯಂತ್ರಕ್ಕೆ ತಾನಾಗಿ ಗೊತ್ತಾಗುವುದಿಲ್ಲ.

ಸಮಯ ತೀರಾ ಕಡಿಮೆ. ಸುಮಾರು ಆರು ಗಂಟೆ ದಾಟಿದರೆ ಮಾಂಸಖಂಡ ವಾಪಸ್ ಬರದ ಸ್ಥಿತಿಗೆ ಹೋಗುತ್ತದೆ. ರಕ್ತ ಸಿಗದ ಮಾಂಸಖಂಡ ಸೆಟೆದು ಕೈಕಾಲು ಸೊಟ್ಟಗಾಗುವುದನ್ನು ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಕ್‌ಮನ್ 1881ರಲ್ಲೇ ವಿವರಿಸಿದ್ದರು. ಇದು ಜಾಸ್ತಿ ಕಾಣುವುದು 35ಕ್ಕಿಂತ ಕಿರಿಯ ಗಂಡಸರಲ್ಲಿ. 44ರ ಹೆಂಗಸಿನ ಬಗ್ಗೆ ಯಾರಿಗೂ ಅಷ್ಟಾಗಿ ಅನುಮಾನ ಬರಲಿಲ್ಲ, ನನಗೂ ಸೇರಿಸಿ.

3.45ಕ್ಕೆ ಸ್ಲ್ಯಾಬ್ ಬಿಚ್ಚಿದರು, ಒಳಗಿನ ಹತ್ತಿಯನ್ನು ಚರ್ಮದವರೆಗೂ ಕತ್ತರಿಸಿದರು. ದಿಂಬು ತೆಗೆದು ಕಾಲನ್ನು ಎದೆಯ ಮಟ್ಟಕ್ಕೆ ಇಳಿಸಿದರು. ಊತಕ್ಕೆ ಒಳ್ಳೆಯದೆಂದು ಕಾಲು ಎತ್ತಿಡುತ್ತೇವೆ, ಆದರೆ ಈ ಸ್ಥಿತಿಯಲ್ಲಿ ಹಾಗೆ ಎತ್ತಿಟ್ಟರೆ ಬರುವ ರಕ್ತವೂ ಕಡಿಮೆಯಾಗುತ್ತದೆ. ಚರ್ಮ ಹೊಳೆಯುತ್ತಿತ್ತು, ಮುಟ್ಟಿದರೆ ಹಲಗೆಯಂತೆ ಗಟ್ಟಿ.

ಒಳಗಿನ ಒತ್ತಡ ಅಳೆಯಲು ಸೂಜಿಯನ್ನು ಒಂದು ಟ್ರಾನ್ಸ್‌ಡ್ಯೂಸರಿಗೆ ಜೋಡಿಸಿದರು. ದೊಡ್ಡ ಆಪರೇಷನ್ನುಗಳಲ್ಲಿ ಬಿಪಿ ನೋಡಲು ನಾನೇ ಜೋಡಿಸುವ ಸಾಧನ ಅದು. ಪರದೆ ನನ್ನ ಕಡೆಗೇ ತಿರುಗಿತ್ತು. 48 ಎಂದು ಬಂತು. ನನ್ನ ಬಿಪಿ 118/70. ಕೆಳಗಿನ ಬಿಪಿಯಿಂದ ಒಳಗಿನ ಒತ್ತಡ ಕಳೆದರೆ ಉಳಿಯುವುದು 22. ಅದು 30ಕ್ಕಿಂತ ಕಡಿಮೆ ಇದ್ದರೆ ಪೊರೆ ಕೊಯ್ಯಬೇಕು ಎಂಬ ಲೆಕ್ಕವನ್ನು ಎಡಿನ್‌ಬರೋದ ವೈದ್ಯರು 1996ರಲ್ಲಿ ಮುಂದಿಟ್ಟರು, ಇವತ್ತಿಗೂ ಅದನ್ನೇ ಅನುಸರಿಸುತ್ತೇವೆ. ಕಳೆಯುವ ಲೆಕ್ಕವನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಕೋಣೆಯಲ್ಲಿದ್ದ ಎಲ್ಲರೂ ಮನಸ್ಸಿನಲ್ಲೇ ಮಾಡಿದರು, ನಾನೂ ಮಾಡಿದೆ.

ಆಪರೇಷನ್ ಥಿಯೇಟರಿನ ಮಂಚದ ಮೇಲೆ ಮಲಗಿದಾಗ ಅಷ್ಟೊಂದು ಚಳಿ ಇರುತ್ತದೆ ಎಂದು ನನಗೆ ತಿಳಿದಿರಲಿಲ್ಲ. "ಸ್ವಲ್ಪ ತಣ್ಣಗೆ ಅನಿಸಬಹುದು" ಎಂದು ಸಾವಿರಾರು ಜನರಿಗೆ ಹೇಳಿದ್ದೇನೆ. ನಾನು ಯಾವಾಗಲೂ ಗೌನು ಹಾಕಿಕೊಂಡು ನಿಂತಿರುತ್ತಿದ್ದೆ. ನನ್ನ ಸ್ನೇಹಿತೆ ತಲೆಯ ಹಿಂದೆ ನಿಂತು ಹೆಸರು ಹಿಡಿದು ಕರೆದಳು. ಹೊಟ್ಟೆಯಲ್ಲಿದ್ದದ್ದು ಮೇಲೆ ಬರದ ಹಾಗೆ ಗಂಟಲ ಮೇಲೆ ಎರಡು ಬೆರಳು ಒತ್ತಿದರು. ಅದಾದ ಮೇಲೆ ಯಾವ ಔಷಧಿ, ಎಷ್ಟು ಸೆಕೆಂಡು ಎಲ್ಲ ಗೊತ್ತಿತ್ತು. ಗೊತ್ತಿದ್ದರೂ ಭಯ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಆಮೇಲೆ

4.50ಕ್ಕೆ ಕೊಯ್ದರು. ಕಾಲಿನ ಎರಡೂ ಬದಿಗೆ ಗೇಣುದ್ದ ಗಾಯ. ನಾಲ್ಕೂ ಪೊರೆಗಳನ್ನು ಬಿಡಿಸಿದರು. ಮೂಳೆಗೆ ಹೊರಗಿನಿಂದ ಸರಳು ಹಾಕಿ ನಿಲ್ಲಿಸಿ, ಗಾಯ ಮುಚ್ಚದೆ ಬಿಟ್ಟರು. 48 ಗಂಟೆ ಬಿಟ್ಟು ಮತ್ತೆ ನೋಡಿದಾಗ ಹಿಂಭಾಗದ ಮಾಂಸಖಂಡ ಕೆಂಪಾಗಿತ್ತು, ಮುಟ್ಟಿದರೆ ಅದುರುತ್ತಿತ್ತು. ಮುಂಭಾಗದಲ್ಲಿ ಒಂದಷ್ಟು ಬೂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಕತ್ತರಿಸಿ ತೆಗೆದರು. ಪಾದವನ್ನು ಮೇಲಕ್ಕೆ ಎತ್ತುವ ಮಾಂಸಖಂಡ ಅದು. ಐದನೇ ದಿನ ರಾಡ್ ಹಾಕಿ, ಒಳಬದಿಯ ಗಾಯ ಹೊಲಿದು, ಹೊರಬದಿಗೆ ತೊಡೆಯ ಚರ್ಮ ತೆಗೆದು ಹಚ್ಚಿದರು. ಚರ್ಮ ಹಚ್ಚಿದ ಜಾಗಕ್ಕಿಂತ ಚರ್ಮ ತೆಗೆದ ತೊಡೆ ಜಾಸ್ತಿ ಉರಿಯುತ್ತದೆ. ಪುಸ್ತಕದಲ್ಲಿ ಓದಿದ್ದೆ. ಈಗ ಯಾರ ತೊಡೆಯಿಂದ ಚರ್ಮ ತೆಗೆದರೂ ತೊಡೆಗೆ ಬೇರೆಯಾಗಿ ಮದ್ದು ಬರೆಯುತ್ತೇನೆ.

ಎರಡನೇ ದಿನ ನಾನೇ ಕೇಳಿ ವಾರ್ಡಿಗೆ ಬಂದೆ. ಪಕ್ಕದ ಮಂಚದಲ್ಲಿ ಮೂಡುಬಿದಿರೆ ಕಡೆಯ ಅಜ್ಜಿ, ಸೊಂಟದ ಮೂಳೆ ಮುರಿದದ್ದು. ನರ್ಸ್ ಹತ್ತರಲ್ಲಿ ಎಷ್ಟು ಎಂದರೆ ಅಜ್ಜಿಗೆ ಅರ್ಥವಾಗುತ್ತಿರಲಿಲ್ಲ. ಕೊನೆಗೊಂದು ದಿನ "ನಿನ್ನೆ ಹದಿನಾರಾಣೆ ಇತ್ತು ಮಗಾ, ಇವತ್ತು ಹತ್ತಾಣೆ" ಎಂದರು. ಎಷ್ಟು ಖಚಿತವಾದ ಉತ್ತರ! ನರ್ಸ್ ಲೆಕ್ಕ ಹಾಕಿ 6 ಎಂದು ಬರೆದಳು. ಅಜ್ಜಿ ಹೇಳಿದ್ದರಲ್ಲಿ ನಿನ್ನೆಯೂ ಇತ್ತು, ಇವತ್ತೂ ಇತ್ತು. ಚಾರ್ಟಿಗೆ ಆರು ಮಾತ್ರ ಹೋಯಿತು.

ನಮ್ಮ ವಾರ್ಡಿಗೆ ಬರುವವರಲ್ಲಿ ಒಬ್ಬರು ಬೇನೆ ಎನ್ನುತ್ತಾರೆ, ಕೊಂಕಣಿಯವರು ದೂಕ್ ಎನ್ನುತ್ತಾರೆ, ಕಾಸರಗೋಡಿನಿಂದ ಬಂದವರು ವೇದನ ಎನ್ನುತ್ತಾರೆ. ಸೆಳೆತ ಬೇರೆ, ಉರಿ ಬೇರೆ, ಸಿಡಿತ ಬೇರೆ, ಜೋಮು ಬೇರೆ. 12 ಗಂಟೆಗೆ ಯಾರಾದರೂ "ಯಾವ ಥರ ನೋವು?" ಎಂದು ಕೇಳಿದ್ದರೆ "ಒಳಗಿನಿಂದ ಸಿಡಿಯುತ್ತಿದೆ" ಎಂದು ನಾನು ಹೇಳಿಬಿಡುತ್ತಿದ್ದೆ ಅನಿಸುತ್ತದೆ. ಅಂಕಿಯಲ್ಲಿ ಸುಳ್ಳು ಹೇಳುವುದು ಸುಲಭ. ಮಾತಿನಲ್ಲಿ ಅಷ್ಟು ಸುಲಭವಲ್ಲ.

ಅಂತಾರಾಷ್ಟ್ರೀಯ ನೋವು ಅಧ್ಯಯನ ಸಂಘ 1979ರಲ್ಲಿ ಕೊಟ್ಟಿದ್ದ ನೋವಿನ ವ್ಯಾಖ್ಯೆಯನ್ನು 2020ರಲ್ಲಿ ತಿದ್ದಿತು. ಮಾತಿನಲ್ಲಿ ಹೇಳುವುದು ನೋವನ್ನು ತೋರಿಸುವ ಹಲವು ದಾರಿಗಳಲ್ಲಿ ಒಂದು ಮಾತ್ರ ಎಂದು ಅದರ ಟಿಪ್ಪಣಿ ಹೇಳುತ್ತದೆ. ಅದನ್ನು ನಾನು ತರಗತಿಯಲ್ಲಿ ಓದಿ ಹೇಳಿದ್ದೆ. ಮುಟ್ಟದ ಗಂಜಿ, ಬಿಳಿಚಿದ ಗೆಣ್ಣು ನೋಡಿ ಅದನ್ನು ಪಾಲಿಸಿದವರು ಆಯಾ ಅಕ್ಕ.

ಸಭೆಯಲ್ಲಿ ನಾನು ಎರಡೇ ಕೇಳಿದೆ. ಚಾರ್ಟಿನಲ್ಲಿ ನೋವಿನ ಅಂಕಿಯ ಪಕ್ಕ ಇನ್ನೊಂದು ಕಾಲಂ ಬೇಕು, ಬೆರಳು ಚಾಚಿದಾಗ ಏನಾಯಿತು ಎಂದು ಬರೆಯಲು. ಮತ್ತು ಡಾಕ್ಟರ್, ನರ್ಸ್, ಅವರ ಮನೆಯವರು ಯಾರೇ ಆಗಲಿ, ಮುರಿದ ಕಾಲು ಮೊದಲ ರಾತ್ರಿ ವಾರ್ಡಿನಲ್ಲೇ ಇರಬೇಕು. ಎರಡೂ ಜಾರಿಯಾಗಿವೆ. ಆ ಹುಡುಗಿಯ ಮೇಲೆ ಕ್ರಮ ಬೇಡ ಎಂದು ಬರೆದುಕೊಟ್ಟೆ. ಈಗ ಅವಳು ಬಾಗಿಲಲ್ಲಿ ನಿಂತು ಕೇಳುವುದಿಲ್ಲ. ಸ್ಟೂಲ್ ಎಳೆದುಕೊಂಡು ಕೂರುತ್ತಾಳೆ. ನಾನೂ ಹಾಗೇ ಮಾಡುತ್ತೇನೆ, ಹೇಗೂ ಕಾಲು ಇನ್ನೂ ಬೇಗ ದಣಿಯುತ್ತದೆ.

ಮನೆಯವರಿಗೆ ಒಂದು ಮಾತು. ನಿಮ್ಮವರ ಕಾಲಿಗೋ ಕೈಗೋ ಪ್ಲಾಸ್ಟರ್ ಹಾಕಿದ್ದಾರೆ, ಇಂಜೆಕ್ಷನ್ ಆದ ಮೇಲೂ ನೋವು ಏರುತ್ತಿದೆ, ಬೆರಳು ಜೋಮು ಹಿಡಿದಿದೆ ಎಂದರೆ ಬೆಳಗಾಗಲಿ ಎಂದು ಕಾಯಬೇಡಿ. ಕರೆಯಿರಿ. ಬರದಿದ್ದರೆ ಇನ್ನೊಮ್ಮೆ ಕರೆಯಿರಿ. ತೊಂದರೆ ಕೊಟ್ಟೆವಾ ಎಂಬ ಸಂಕೋಚ ಬೇಡ.

14ನೇ ತಿಂಗಳ ಪರೀಕ್ಷೆಯಲ್ಲಿ ಮೂಳೆ ಪೂರ್ತಿ ಕೂಡಿತ್ತು. ಪಾದ ಮೇಲೆತ್ತುವ ಬಲ ಐದರಲ್ಲಿ ನಾಲ್ಕು. ಮೊದಲ ಏಳು ತಿಂಗಳು ಬೂಟಿನೊಳಗೆ ಪ್ಲಾಸ್ಟಿಕ್ ಸ್ಪ್ಲಿಂಟ್ ಬೇಕಿತ್ತು, ಈಗ ಬೇಡ. ಮೆಟ್ಟಿಲಲ್ಲಿ ಮಾತ್ರ ಕಾಲ ತುದಿ ತಾಗುತ್ತದೆ. ಹೆಬ್ಬೆರಳ ಸಂದಿಗೆ ಸ್ಪರ್ಶ ಬಂದಿಲ್ಲ, ಇನ್ನು ಬರುವ ಸಂಭವ ಕಡಿಮೆ. ಹವಾಯಿ ಚಪ್ಪಲಿಯ ಪಟ್ಟಿ ಕೂರುವುದು ಸರಿಯಾಗಿ ಅಲ್ಲೇ. ಕಚ್ಚಿ ಗಾಯವಾದರೂ ಗೊತ್ತಾಗುವುದಿಲ್ಲ. ಅದಕ್ಕೆ ದಿನಾ ಸಂಜೆ ಮನೆಗೆ ಬಂದು, ದೀಪದ ಕೆಳಗೆ ಕೂತು, ಬೆರಳು ಬಿಡಿಸಿ ನೋಡಿಕೊಳ್ಳುತ್ತೇನೆ.